‘ಸೈಟಿಂಗ್ ಆಯ್ತಾ?’: ಡೊಂಬಿವಲಿಯಲ್ಲಿ ತಾಡೋಬಾ ಬಗ್ಗೆ ಮಾತಾಡಿದ್ದು

(ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ತಿಂಗಳ ಕೂಟದಲ್ಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ನಾಲ್ಕೈದು ಜನ ಕೇಳಿದ್ರಿಂದ ಮಾತಾಡಿದ ಹಾಗೇ ಬರೆದಿದ್ದೀನಿ, ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದನ್ನ ಅಲ್ಲಲ್ಲಿ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ಕೈಕೊಟ್ಟಿದೆ, ನೋಡ್ತಾ ಇದ್ದೀರಲ್ಲ, ಹುಡುಗರು ಕೇಬಲ್ ಬದಲಾಯಿಸಿ ಬದಲಾಯಿಸಿ ಸುಸ್ತಾದ್ರು. ನಮ್ಮನೆಯವರು ತೆಗೆದ ನೂರಾ ಎಂಬತ್ತು ಫೋಟೋ ಪೆನ್‌ಡ್ರೈವ್‌ನಲ್ಲೇ ಉಳೀತು. ಅವರಿಗೆ ಬೇಜಾರು, ನನಗೇನೂ ಬೇಜಾರಿಲ್ಲ. ಫೋಟೋ ಹಾಕಿದ್ರೆ ನೀವೆಲ್ಲ ಹುಲಿ ನೋಡ್ಕೊಂಡು ಕೂತಿರ್ತಿದ್ರಿ, ನಾನು ಹೇಳೋದು ಯಾರಿಗೂ ಕೇಳಿಸ್ತಿರಲಿಲ್ಲ. ಮತ್ತೆ ನಾನು ಹೇಳಬೇಕು ಅಂತ ಬಂದಿರೋದು ಹುಲಿ ಬಗ್ಗೆ ಅಲ್ಲವೇ ಅಲ್ಲ, ನಮ್ಮ ಬಗ್ಗೆ.

ಒಳಗೆ ಬರ್ತಾ ಬಾಗಿಲಲ್ಲೇ ಮೂರು ಜನ ಕೇಳಿದ್ರು, ಸೈಟಿಂಗ್ ಆಯ್ತಾ ಅಂತ, ಅಂದ್ರೆ ಹುಲಿ ಕಾಣಿಸ್ತಾ ಅಂತ. ತಾಡೋಬಾಕ್ಕೆ ಹೋಗಿ ಬಂದ್ರೆ ಬಿಲ್ಡಿಂಗ್ ವಾಚ್‌ಮನ್ ಕೂಡ ಅದೇ ಕೇಳೋದು. ಊರಿಗೆ ಹೋಗಿ ಬಂದ್ರೆ ಎಲ್ಲಾ ಚೆನ್ನಾಗಿದಾರಾ ಅಂತೀವಿ, ತಿರುಪತಿಗೆ ಹೋಗಿ ಬಂದ್ರೆ ದರ್ಶನ ಆಯ್ತಾ ಅಂತೀವಿ, ಕಾಡಿಗೂ ಅದೇ ದರ್ಶನದ ಲೆಕ್ಕ. ಈ ಪ್ರಶ್ನೆಯೇ ಅಲ್ಲಿ ಕಾಡಲ್ಲಿ ಎಷ್ಟು ಗಲಾಟೆ ಮಾಡುತ್ತೆ ಅಂತ ನಾಲ್ಕು ಸಲ ಹೋಗಿ ಬಂದ ಮೇಲೆ ನನಗೆ ಗೊತ್ತಾಗಿದ್ದು, ಅದನ್ನೇ ಇವತ್ತು ಹೇಳ್ತೀನಿ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಿಬಿಡ್ತೀನಿ. ತಾಡೋಬಾ ಅಂಧಾರಿ ಹುಲಿ ಅಭಯಾರಣ್ಯ ನಮ್ಮ ಮಹಾರಾಷ್ಟ್ರದಲ್ಲೇ, ವಿದರ್ಭದ ಚಂದ್ರಪುರ ಜಿಲ್ಲೆಯಲ್ಲಿರೋದು. ತಾಡೋಬಾ ನ್ಯಾಷನಲ್ ಪಾರ್ಕ್ ಆಗಿದ್ದು 1955ರಲ್ಲಿ, ಪಕ್ಕದ ಅಂಧಾರಿ ಅಭಯಾರಣ್ಯ 1986ರಲ್ಲಿ, ಆಮೇಲೆ ಎರಡೂ ಸೇರಿಸಿ ಟೈಗರ್ ರಿಸರ್ವ್ ಮಾಡಿದ್ರು. ಕೋರ್ ಅಂತ ಕರೆಯೋ ಒಳಗಿನ ಭಾಗ ಸುಮಾರು 625 ಚದರ ಕಿಲೋಮೀಟರ್, ಅಂದ್ರೆ ನಮ್ಮ ಬೃಹನ್ಮುಂಬಯಿಗಿಂತ ಒಂದು ಚೂರು ದೊಡ್ಡದು ಅಂತಿಟ್ಕೊಳ್ಳಿ. ಸುತ್ತ ಬಫರ್ ಅಂತ ಇನ್ನೂ ಸಾವಿರದ ನೂರು ಚದರ ಕಿಲೋಮೀಟರ್ ಇದೆ, ಅದರಲ್ಲಿ ಊರುಗಳಿವೆ, ಹೊಲಗಳಿವೆ, ದನ ಇದೆ, ಹುಲಿನೂ ಇದೆ. ತಾರೂ ಅನ್ನೋ ಗೊಂಡರ ಮುಖಂಡ ಹುಲಿ ಜೊತೆ ಹೋರಾಡಿ ಸತ್ತ, ಅವನೇ ದೇವರಾದ ಅಂತ ಅಲ್ಲಿಯವರ ಕಥೆ, ತಾಡೋಬಾ ಹೆಸರು ಅಲ್ಲಿಂದಲೇ. ಕೆರೆ ಪಕ್ಕ ಮರದ ಕೆಳಗೆ ಗುಡಿ ಇದೆ, ಪುಷ್ಯ ಮಾಸದಲ್ಲಿ ಆದಿವಾಸಿಗಳು ಜಾತ್ರೆಗೆ ಬರ್ತಾರೆ. ಆ ಕೆರೆಯಲ್ಲಿ ಮೊಸಳೆಗಳಿವೆ, ಅವುಗಳ ಬಗ್ಗೆ ಯಾರೂ ಕೇಳಲ್ಲ ಪಾಪ.

ನಮ್ಮ ಮೊದಲನೇ ಟ್ರಿಪ್ ಹೇಳ್ತೀನಿ, ನಗಬೇಡಿ. ಒಬ್ಬ ಏಜೆಂಟು ‘ಸೈಟಿಂಗ್ ಗ್ಯಾರಂಟಿ’ ಅಂತ ಹೇಳಿ ದುಡ್ಡು ಕಟ್ಟಿಸ್ಕೊಂಡ. ನಾವು ನಾಲ್ಕು ಜನ, ನಾನು, ನಮ್ಮನೆಯವರು, ಅವರ ತಂಗಿ, ತಂಗಿ ಗಂಡ. ಕಲ್ಯಾಣದಲ್ಲಿ ವಿದರ್ಭ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ನಾಗಪುರ, ಅಲ್ಲಿಂದ ಕಾರು, ಮಧ್ಯಾಹ್ನ ಮೋಹರ್ಲಿ ಗೇಟ್ ಹತ್ತಿರದ ರೆಸಾರ್ಟ್. ಅವತ್ತು ಸೋಮವಾರ. ರಾತ್ರಿ ಊಟ ಬಡಿಸ್ತಾ ಇದ್ದ ಹುಡುಗ ಕೇಳ್ದ, ನಾಳೆ ಏನ್ ಪ್ಲಾನು ಅಂತ. ಸಫಾರಿ ಅಂದ್ವಿ. ಅವನು ಪಾತ್ರೆ ಹಿಡ್ಕೊಂಡು ನಿಂತುಬಿಟ್ಟ. ಮಂಗಳವಾರ ಪಾರ್ಕ್ ಬಂದ್! ಪ್ರತಿ ಮಂಗಳವಾರ ಬಂದ್, ಯಾವತ್ತಿಂದಲೋ ಇರೋ ನಿಯಮ, ಏಜೆಂಟಿಗೆ ಗೊತ್ತಿಲ್ಲ, ನಮಗಂತೂ ಮೊದಲೇ ಗೊತ್ತಿಲ್ಲ. ಫೋನ್ ಮಾಡಿದ್ರೆ ಅವನು, ಮೇಡಂ ರಿಲ್ಯಾಕ್ಸ್ ಮಾಡಿ, ನೇಚರ್ ಎಂಜಾಯ್ ಮಾಡಿ ಅಂತಾನೆ. ಮೇ ತಿಂಗಳು, ಚಂದ್ರಪುರ, ಹೊರಗೆ ನಲವತ್ತೈದು ಡಿಗ್ರಿ, ಎಂಥಾ ನೇಚರ್ ಎಂಜಾಯ್ ಮಾಡೋದು, ಕೂಲರ್ ಮುಂದೆ ಕೂತು ಇಸ್ಪೀಟಾಡಿದ್ವಿ.

ಬುಧವಾರ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಗೇಟಲ್ಲಿ ಸಾಲು. ಆನ್‌ಲೈನ್ ಪರ್ಮಿಟ್ ಇರಬೇಕು, ಅದರಲ್ಲಿರೋ ಹೆಸರಿಗೂ ಐಡಿಗೂ ತಾಳೆ ಆಗಬೇಕು, ಮೊಬೈಲ್ ಜಮಾ ಮಾಡಬೇಕು, ಕೋರ್ ಒಳಗೆ ಒಯ್ಯೋ ಹಾಗಿಲ್ಲ. ಕ್ಯಾಮೆರಾ ಪರವಾಗಿಲ್ಲ. ನಮ್ಮ ತಂಗಿ ಗಂಡನಿಗೆ ಮೊಬೈಲ್ ಕೊಡೋಕೆ ಕೈ ಬರ್ತಾ ಇಲ್ಲ, ಷೇರ್ ಮಾರ್ಕೆಟ್ ಓಪನ್ ಆಗುತ್ತೆ ಅಂತ ಗೋಳು. ಆಮೇಲೆ ಒಂದು ಜಿಪ್ಸಿಗೆ, ಅಂದ್ರೆ ಸಫಾರಿಯ ತೆರೆದ ಜೀಪಿಗೆ, ಒಬ್ಬ ಡ್ರೈವರು, ಒಬ್ಬ ಗೈಡು, ಇಬ್ಬರೂ ಅಕ್ಕಪಕ್ಕದ ಹಳ್ಳಿಯವರು. ಒಂದು ಗೇಟಿಂದ ಒಂದು ಪಾಳಿಗೆ ಇಷ್ಟೇ ಗಾಡಿ ಅಂತ ಲೆಕ್ಕ ಇದೆ, ಒಂದೂ ಜಾಸ್ತಿ ಬಿಡಲ್ಲ. ನೋಡಿ, ಎಷ್ಟು ಶಿಸ್ತು ಅಂತ ನಾನು ಖುಷಿಪಟ್ಟೆ.

ಆ ಶಿಸ್ತು ಗೇಟ್ ದಾಟಿ ಅರ್ಧ ಗಂಟೆ ಇತ್ತು. ಎದುರಿಂದ ಬಂದ ಜಿಪ್ಸಿಯವನು ಸ್ಲೋ ಮಾಡಿದ. ನಮ್ಮ ಡ್ರೈವರ್ ಕೇಳ್ದ, ‘ಕಾಹೀ ದಿಸ್ಲಂ ಕಾ?’ ಏನಾದ್ರೂ ಕಾಣಿಸ್ತಾ ಅಂತ. ಅವನು ಬಾಯಲ್ಲಿ ಏನೂ ಹೇಳಲಿಲ್ಲ, ಗದ್ದ ಮಾತ್ರ ಹಿಂದಕ್ಕೆ ಆಡಿಸಿದ. ಅಷ್ಟೇ ಸಾಕು, ನಮ್ಮ ಗಾಡಿ ಹಾರಿತು ನೋಡಿ, ನನ್ನ ಟೋಪಿ ಹೋಯ್ತು, ಬೆನ್ನು ಹೋಯ್ತು, ಬಾಯಲ್ಲೆಲ್ಲ ಧೂಳು. ಹೋಗಿ ನೋಡಿದ್ರೆ ಒಂದು ತಿರುವಲ್ಲಿ ಆಗಲೇ ಹದಿನೇಳು ಜಿಪ್ಸಿ. ಎಣಿಸಿದ್ದೀನಿ, ಅದಕ್ಕೇ ಹೇಳ್ತಾ ಇದ್ದೀನಿ. ಡೊಂಬಿವಲಿ ಸ್ಟೇಷನ್ ಹೊರಗೆ ಸಂಜೆ ಏಳು ಗಂಟೆಗೆ ಆಟೋ ನಿಲ್ಲಲ್ವಾ, ಒಂದರ ಮೂತಿಗೆ ಇನ್ನೊಂದು, ಹಾಗೆ. ಒಬ್ಬ ರಿವರ್ಸ್, ಒಬ್ಬ ಅಡ್ಡ, ಸೀಟ್ ಮೇಲೆ ನಿಂತವರು, ಶ್ ಶ್ ಅಂತ ಜೋರಾಗಿ ಕೂಗೋರು. ಬಿದಿರು ಮೆಳೆ ಸಂದಿಯಿಂದ ಹೆಣ್ಣು ಹುಲಿ ಹೊರಗೆ ಬಂತು, ಹಿಂದೆ ದೊಡ್ಡ ಎರಡು ಮರಿ. ರಸ್ತೆ ದಾಟಿ ಆಚೆಗೆ ನೀರಿಗೆ ಹೋಗಬೇಕು ಅದಕ್ಕೆ. ದಾಟೋಕೆ ಜಾಗ ಇಲ್ಲ.

ಈಗ ನಾನು ಮಾಡಿದ್ದು ಹೇಳ್ತೀನಿ. ನಾನು ಡ್ರೈವರ್ ಭುಜ ತಟ್ಟಿ ‘ಭಯ್ಯಾ, ಥೋಡಾ ಆಗೇ ಲೋ’ ಅಂದೆ, ಸ್ವಲ್ಪ ಮುಂದೆ ತಗೋ ಅಂತ. ನಾನೇ ಅಂದಿದ್ದು. ಅವನು ತಗೊಂಡ. ಸಂದಿ ಇದ್ದಿದ್ದು ಅದೊಂದೇ, ಅದರಲ್ಲಿ ನಮ್ಮ ಗಾಡಿ ಹೋಗಿ ನಿಂತ್ಕೊಂಡ್ತು. ಆ ಹುಲಿ ನಮ್ಮ ಗಾಡಿ ಬಾನೆಟ್ ನೋಡ್ತು, ಕಿವಿ ಹಿಂದಕ್ಕೆ ಮಾಡ್ತು, ಒಂದು ಹೆಜ್ಜೆ ಹಿಂದೆ ಇಟ್ಟು ಹಾಗೇ ತಿರುಗಿ ಮೆಳೆ ಒಳಗೆ ಹೋಯ್ತು, ಮರಿಗಳೂ ಹೋದ್ವು. ನೀರು ಕುಡಿಯಲಿಲ್ಲ. ಮೇ ತಿಂಗಳು, ಆಗಲೇ ಹೇಳಿದ್ನಲ್ಲ, ನಲವತ್ತೈದು ಡಿಗ್ರಿ. ನಮ್ಮನೆಯವರ ಹತ್ರ ಆ ಫೋಟೋ ಇದೆ, ಕಿವಿ ಹಿಂದಕ್ಕಿರೋದು, ನಮ್ಮ ಹಾಲ್‌ನಲ್ಲಿ ಫ್ರೇಮ್ ಹಾಕ್ಸಿದ್ದಾರೆ, ಬಂದವರೆಲ್ಲ ವಾವ್ ಅಂತಾರೆ. ನಾನು ಅದರ ಕೆಳಗೆ ಕೂತು ಟಿವಿ ನೋಡಲ್ಲ.

ನಿಯಮ ಇಲ್ಲವಾ ಅಂದ್ರೆ ಇದೆ. 2012ರಲ್ಲಿ ಭೋಪಾಲದ ಅಜಯ್ ದುಬೆ ಅನ್ನೋರ ಅರ್ಜಿ ಮೇಲೆ ಸುಪ್ರೀಂ ಕೋರ್ಟು ಜುಲೈನಲ್ಲಿ ದೇಶದ ಎಲ್ಲಾ ಹುಲಿ ಕಾಡುಗಳ ಕೋರ್‌ನಲ್ಲೂ ಟೂರಿಸಂ ನಿಲ್ಲಿಸಿಬಿಟ್ಟಿತ್ತು, ನೆನಪಿರಬಹುದು. ಆಮೇಲೆ ಹುಲಿ ಸಂರಕ್ಷಣಾ ಪ್ರಾಧಿಕಾರದವರು ಮಾರ್ಗಸೂಚಿ ಮಾಡಿ ಕೊಟ್ರು, ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯ್ತು. ಕೋರ್‌ನ ಶೇಕಡಾ 20ಕ್ಕಿಂತ ಹೆಚ್ಚು ಜಾಗ ಪ್ರವಾಸಿಗರಿಗೆ ಇಲ್ಲ, ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ, ಸುತ್ತುಗಟ್ಟೋ ಹಾಗಿಲ್ಲ, ಆಸೆ ತೋರಿಸಿ ಕರೆಯೋ ಹಾಗಿಲ್ಲ ಅಂತೆಲ್ಲ ಅದರಲ್ಲಿದೆ. 20 ಮೀಟರ್ ಅಂದ್ರೆ ಎಷ್ಟು ಅಂತ ನನಗೆ ಅಂದಾಜಿರಲಿಲ್ಲ, ನಮ್ಮ ಲೋಕಲ್ ಟ್ರೇನಿನ ಒಂದು ಡಬ್ಬಾದ ಉದ್ದ. ಲೇಡೀಸ್ ಡಬ್ಬಾದ ಈ ತುದಿಯಲ್ಲಿ ನೀವು, ಆ ತುದಿಯಲ್ಲಿ ಹುಲಿ. ಅದಕ್ಕಿಂತ ಹತ್ತಿರ ಹೋಗಬಾರದು. ನಮ್ಮ ಗಾಡಿ ಬಾಗಿಲ ಹತ್ತಿರದ ಎರಡು ಸೀಟಿನಷ್ಟು ದೂರದಲ್ಲಿತ್ತು.

ಇದು ತಾಡೋಬಾದ ಕಥೆ ಮಾತ್ರ ಅಲ್ಲ. ನಾಗಪುರದ ಹತ್ತಿರ ಉಮರೇಡ್ ಪವನಿ ಕರ್‍ಹಾಂಡ್ಲಾ ಅಂತ ಒಂದು ಅಭಯಾರಣ್ಯ ಇದೆ, 2024ರ ಡಿಸೆಂಬರ್ 31ಕ್ಕೆ ಅಲ್ಲಿ ಎಫ್-2 ಅನ್ನೋ ಹುಲಿ ಐದು ಮರಿ ಜೊತೆ ಬರ್ತಿದ್ದಾಗ ಜಿಪ್ಸಿಗಳು ಎರಡೂ ಕಡೆಯಿಂದ ಮುತ್ತಿಕೊಂಡಿದ್ದ ವಿಡಿಯೋ ಎಲ್ಲಾ ಕಡೆ ಓಡಾಡ್ತು, ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತಾನಾಗೇ ಕೇಸ್ ಕೈಗೆತ್ತಿಕೊಳ್ತು, ಡ್ರೈವರ್ ಗೈಡ್‌ಗಳನ್ನ ಸಸ್ಪೆಂಡ್ ಮಾಡಿದ್ರು. ನಾನು ಆ ವಿಡಿಯೋ ನೋಡ್ದಾಗ ಹಿಂದಿನ ಸೀಟಿನವರನ್ನೇ ನೋಡ್ತಿದ್ದೆ. ಅವರಲ್ಲಿ ಒಬ್ಬರಾದ್ರೂ ‘ಥೋಡಾ ಆಗೇ ಲೋ’ ಅಂದೇ ಇರ್ತಾರೆ. ಸಸ್ಪೆಂಡ್ ಆದವನು ಹಳ್ಳಿ ಹುಡುಗ.

ಎರಡನೇ ಸಲ ಹೋದಾಗ ಮೋಹರ್ಲಿಯಲ್ಲಿ ಚಹಾ ಅಂಗಡಿ ಮುಂದೆ ಒಬ್ಬ ಗೈಡ್ ಜೊತೆ ಕೂತು ಮಾತಾಡ್ದೆ. ನಡುವಯಸ್ಸಿನವರು, ಮೊದಲು ಬಿದಿರು ಕಡಿಯೋ ಕೆಲಸ ಮಾಡ್ತಿದ್ರಂತೆ. ಗೊತ್ತಿದ್ದೂ ಯಾಕೆ ಗಾಡಿ ನುಗ್ಗಿಸ್ತೀರಿ ಅಂತ ನೇರವಾಗಿ ಕೇಳ್ದೆ. ಅವರು ಸಿಟ್ಟಾಗಲಿಲ್ಲ. ಮ್ಯಾಡಂ, ಹುಲಿ ಕಂಡ್ರೆ ಗಾಡಿಯಿಂದ ಇಳಿಯುವಾಗ ಐನೂರು ಕೊಡ್ತಾರೆ, ಸಾವಿರ ಕೊಟ್ಟವರೂ ಇದ್ದಾರೆ, ಕಾಣಲಿಲ್ಲ ಅಂದ್ರೆ ಥ್ಯಾಂಕ್ಯೂ ಕೂಡ ಹೇಳದೆ ಹೋಗ್ತಾರೆ, ಹೋಗಿ ರೆಸಾರ್ಟಲ್ಲಿ ಗೈಡ್ ಸರಿ ಇಲ್ಲ ಅಂತ ಬೇರೆ ಹೇಳ್ತಾರೆ, ನಾನೂ ಮನೆ ನಡೆಸಬೇಕಲ್ಲ ಅಂದ್ರು. ಚಹಾ ದುಡ್ಡೂ ಅವರೇ ಕೊಟ್ರು, ನನ್ನ ಕೈಯಲ್ಲಿ ಕೊಡೋಕೆ ಬಿಡಲಿಲ್ಲ.

ಅಲ್ಲಿಗೆ ನನಗೆ ಗಂಟು ಎಲ್ಲಿದೆ ಅಂತ ಸಿಕ್ತು. ಇಲಾಖೆ ಗೇಟಲ್ಲಿ ಗಾಡಿ ಎಣಿಸುತ್ತೆ. ಇಪ್ಪತ್ತು ಗಾಡಿ ಅಷ್ಟು ದೊಡ್ಡ ಕಾಡಲ್ಲಿ ಹರಡಿಕೊಂಡ್ರೆ ಏನೂ ಅಲ್ಲ, ಒಂದು ಗಂಟೆ ಸುತ್ತಿದ್ರೂ ಒಬ್ಬರಿಗೊಬ್ಬರು ಸಿಗಲ್ಲ. ಆದ್ರೆ ಆ ಇಪ್ಪತ್ತೂ ಒಂದೇ ತಿರುವಿಗೆ ಬರುತ್ತೆ, ಅಲ್ಲಿ ಎಣಿಸೋರು ಯಾರೂ ಇಲ್ಲ. ಹಾಗೆ ಎಳ್ಕೊಂಡು ಬರೋದು ಹುಲಿ ಅಲ್ಲ, ಇಳಿಯುವಾಗ ಕೊಡೋ ಆ ಐನೂರು ರೂಪಾಯಿ.

ಅದಕ್ಕೇ ಮೂರನೇ ಸಲದಿಂದ ನಾನು ಒಂದು ಕೆಲಸ ಶುರು ಮಾಡಿದ್ದೀನಿ. ಗೇಟಲ್ಲಿ ಗಾಡಿ ಹತ್ತಿದ ಕೂಡಲೇ, ಇನ್ನೂ ಎಂಜಿನ್ ಸ್ಟಾರ್ಟ್ ಆಗೋ ಮೊದಲೇ, ಎರಡು ಕವರ್ ತೆಗೆದು ಒಂದು ಡ್ರೈವರಿಗೆ, ಒಂದು ಗೈಡಿಗೆ ಕೊಟ್ಬಿಡ್ತೀನಿ. ಮದುವೆ ಮುಯ್ಯಿ ಕವರ್ ಇರುತ್ತಲ್ಲ, ಒಂದು ರೂಪಾಯಿ ನಾಣ್ಯ ಅಂಟಿಸಿರೋದು, ಮನೆಯಲ್ಲಿ ಅದೇ ಇತ್ತು, ಅದೇ ಒಯ್ದಿದ್ದೆ. ಗೈಡ್ ಕವರ್ ನೋಡಿದ, ನನ್ನ ಮುಖ ನೋಡಿದ, ‘ಮ್ಯಾಡಂ, ಅಜೂನ್ ತರ್ ಕಾಹೀಚ್ ದಿಸ್ಲಂ ನಾಹೀ’ ಅಂದ. ಇನ್ನೂ ಏನೂ ಕಂಡೇ ಇಲ್ವಲ್ಲ ಅಂತ. ಕಾಣದಿದ್ರೂ ಇದು ನಿನ್ನದೇ, ನಮಗೆ ಓಡಿಸೋದು ಬೇಡ, ಜಾಸ್ತಿ ಗಾಡಿ ಇರೋ ಕಡೆ ಬೇಡ, ನಿನಗೆ ಇಷ್ಟ ಇರೋ ಜಾಗಕ್ಕೆ ಕರ್ಕೊಂಡು ಹೋಗು ಅಂದೆ. ಅವನು ಡ್ರೈವರ್ ಕಡೆ ತಿರುಗಿದ, ಇಬ್ಬರೂ ಒಂದು ನಿಮಿಷ ಸುಮ್ಮನಿದ್ರು, ಆಮೇಲೆ ಡ್ರೈವರ್ ಒಂದು ಕಡೆಗೆ ಕೈ ತೋರಿಸಿದ, ಹೊರಟ್ವಿ.

ಆ ಬೆಳಿಗ್ಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಕ್ಷಮಿಸಿ. ಹಳೇ ಊರೊಂದು ಇದ್ದ ಜಾಗ ಅದು. ಕೋರ್ ಒಳಗಿದ್ದ ಕೆಲವು ಊರುಗಳನ್ನ ಹೊರಗೆ ಸ್ಥಳಾಂತರ ಮಾಡಿದ್ದಾರೆ, ಆ ಹೊಲಗಳೆಲ್ಲ ಈಗ ಹುಲ್ಲುಗಾವಲು. ಒಂದು ಹಿಪ್ಪೆ ಮರದ ಕೆಳಗೆ ಎಂಜಿನ್ ಆಫ್ ಮಾಡಿ ನಿಂತ್ವಿ. ನಲವತ್ತು ನಿಮಿಷ. ಮೊದಲು ಹತ್ತು ನಿಮಿಷ ಕಿವಿಯಲ್ಲಿ ಏನೂ ಕೇಳಲ್ಲ, ಮುಂಬೈ ಕಿವಿ ಅಲ್ವಾ ನಮ್ಮದು, ಆಮೇಲೆ ಒಂದೊಂದೇ ಕೇಳುತ್ತೆ. ಎಲೆ ಮೇಲೆ ಏನೋ ಸರಸರ, ನೋಡಿದ್ರೆ ಕಾಡುಕೋಳಿ. ಜಿಂಕೆ ಹಿಂಡು ಮೇಯ್ತಾ ಇತ್ತು, ಮರದ ಮೇಲೆ ಮುಸ್ಯಾಗಳು ಎಲೆ ಕಿತ್ತು ಅರ್ಧ ತಿಂದು ಕೆಳಗೆ ಹಾಕ್ತಿದ್ವು, ಜಿಂಕೆ ಅದನ್ನ ತಿಂತಾ ಇತ್ತು. ಇದ್ದಕ್ಕಿದ್ದ ಹಾಗೆ ಒಂದು ಮುಸ್ಯಾ ಖಕ್ ಖಕ್ ಖಕ್ ಅಂತ ಶುರು ಮಾಡ್ತು. ಜಿಂಕೆಗಳು ಎಲ್ಲಾ ಒಟ್ಟಿಗೆ ತಲೆ ಎತ್ತಿದ್ವು, ಎಲ್ಲವೂ ಒಂದೇ ಕಡೆ ಮುಖ, ಮುಂಗಾಲಲ್ಲಿ ನೆಲ ಬಡೀತಾ ಇದ್ವು. ದೂರದಲ್ಲಿ ಕಡವೆ ಒಂದು ಸಲ ಢೊಂಕ್ ಅಂತು. ಗೈಡ್ ಪಿಸುಗುಟ್ಟಿದ, ಮುಸ್ಯಾ ಸುಮ್ನೇನೂ ಕೂಗುತ್ತೆ, ಕಡವೆ ಮಾತ್ರ ಸುಳ್ಳು ಹೇಳಲ್ಲ. ಹುಲಿ ಹೊರಗೆ ಬರಲಿಲ್ಲ. ಆ ಹುಲ್ಲಿನ ಆಚೆ ಎಲ್ಲೋ ಅದು ಹೋಗ್ತಾ ಇರೋದು ಜಿಂಕೆಗಳ ಮುಖ ತಿರುಗೋದ್ರಲ್ಲೇ ನಮಗೆ ಕಾಣ್ತಾ ಇತ್ತು, ಎಡದಿಂದ ಬಲಕ್ಕೆ, ನಿಧಾನಕ್ಕೆ, ಗಡಿಯಾರದ ಮುಳ್ಳಿನ ಹಾಗೆ. ನಮ್ಮನೆಯವರು ಒಂದೂ ಫೋಟೋ ತೆಗೀಲಿಲ್ಲ, ಏನಂತ ತೆಗೀತಾರೆ.

ಈ ಕವರ್ ಉಪಾಯ ಯಾವಾಗಲೂ ನಡೆಯುತ್ತೆ ಅಂತ ತಿಳ್ಕೋಬೇಡಿ. ಒಬ್ಬ ಕವರ್ ಜೇಬಿಗಿಟ್ಟು ಆರಾಮಾಗಿ ನಿದ್ದೆ ಹೊಡೆದ. ಇನ್ನೊಬ್ಬ ಡ್ರೈವರು ಕವರ್ ತಗೊಂಡೂ ಪ್ರಾಣಿಗಳ ಎಚ್ಚರಿಕೆ ಕೂಗು ಕೇಳಿದ ಕೂಡಲೇ ಗಾಡಿ ಹಾರಿಸಿದ, ಅಭ್ಯಾಸ ಬಲ. ನಮ್ಮ ಜೊತೆ ಅದೇ ಜಿಪ್ಸಿಯಲ್ಲಿ ಸೇರಿಕೊಂಡ ಠಾಣೆಯ ಒಂದು ಕುಟುಂಬದವರು ನನ್ನ ಮೇಲೆ ಸಿಟ್ಟಾದ್ರು, ನಿಮಗೆ ಬೇಡ ಅಂದ್ರೆ ನಮಗೂ ಬೇಡವಾ ಅಂತ. ಅವರದೂ ತಪ್ಪಲ್ಲ, ಅಷ್ಟು ದೂರದಿಂದ ದುಡ್ಡು ಖರ್ಚು ಮಾಡ್ಕೊಂಡು ಬಂದಿರ್ತಾರೆ. ಇಲಾಖೆಯೇ ಟಿಪ್ಪಿನ ಬದಲು ಗೈಡ್ ಶುಲ್ಕವನ್ನೇ ಸರಿಯಾಗಿ ಜಾಸ್ತಿ ಮಾಡಿ ಇಳಿಯುವಾಗ ದುಡ್ಡು ಕೊಡೋದನ್ನ ಪೂರ್ತಿ ನಿಲ್ಲಿಸಿದ್ರೆ ಇನ್ನೂ ಒಳ್ಳೇದು ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆ ಬಂಡೀಪುರದಲ್ಲಿ ಖಾಸಗಿ ಜಿಪ್ಸಿ ಇಲ್ಲ, ಅರಣ್ಯ ಇಲಾಖೆ ಮತ್ತೆ ಜಂಗಲ್ ಲಾಡ್ಜಸ್ ಗಾಡಿಗಳೇ. ಕಬಿನಿಯಲ್ಲಿ ಎ ಜೋನ್, ಬಿ ಜೋನ್ ಅಂತ ಮೊದಲೇ ಹಂಚಿರ್ತಾರೆ, ನಿಮ್ಮ ಜೋನ್ ಬಿಟ್ಟು ಆಚೆಗೆ ಹೋಗೋ ಹಾಗಿಲ್ಲ, ಎ ಜೋನಲ್ಲಿ ಹುಲಿ ಕೂತಿದೆ ಅಂತ ಗೊತ್ತಿದ್ರೂ ಬಿ ಜೋನವರು ಆನೆ ನೋಡ್ಕೊಂಡಿರಬೇಕು. ನನಗೆ ಅದು ಇಷ್ಟ. ಆದ್ರೆ ಅಲ್ಲೂ ಏನಾಯ್ತು ನೋಡಿ, 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ರೈತರ ಮೇಲೆ ಹುಲಿ ದಾಳಿ ಆದ ಮೇಲೆ ಅರಣ್ಯ ಸಚಿವರು ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿ, ಸಫಾರಿ ಸಿಬ್ಬಂದಿಯನ್ನ ಹುಲಿ ಹಿಡಿಯೋ ಕೆಲಸಕ್ಕೆ ಕಳಿಸಿ ಅಂದ್ರು. ಸಫಾರಿಯಿಂದಲೇ ಹುಲಿ ಹೊರಗೆ ಬರುತ್ತೆ ಅನ್ನೋದು ನನಗೆ ಪೂರ್ತಿ ಒಪ್ಪಿಗೆ ಆಗಲ್ಲ. ಆದ್ರೆ ಊರಲ್ಲಿ ಹೆಣ ಬಿದ್ದಿರುವಾಗ ಪಕ್ಕದ ರಸ್ತೆಯಲ್ಲಿ ಕ್ಯಾಮೆರಾ ಹಾಕ್ಕೊಂಡು ಹುಲಿ ಹುಲಿ ಅಂತ ಹೋಗೋರನ್ನ ನೋಡಿದ್ರೆ ಯಾರಿಗಾದ್ರೂ ಮೈ ಉರಿಯುತ್ತೆ.

ಚಂದ್ರಪುರ ಜಿಲ್ಲೆಯಲ್ಲಿ ಇದು ಇನ್ನೂ ಜೋರು. 2025ರ ಮೇ 10ಕ್ಕೆ ಸಿಂದೇವಾಹಿ ತಾಲೂಕಲ್ಲಿ ಬೀಡಿ ಎಲೆ ಕೀಳೋಕೆ ಹೋದ ಮೂವರು ಹೆಂಗಸರು ಒಂದೇ ದಿನ ಹುಲಿಗೆ ಬಲಿಯಾದ್ರು. 2021ರ ನವೆಂಬರ್‌ನಲ್ಲಿ ತಾಡೋಬಾ ಕೋರ್ ಒಳಗೇ ಹುಲಿ ಗಣತಿ ಕೆಲಸಕ್ಕೆ ನಡ್ಕೊಂಡು ಹೋಗಿದ್ದ ಒಬ್ಬ ಮಹಿಳಾ ಫಾರೆಸ್ಟ್ ಗಾರ್ಡ್ ತೀರಿಕೊಂಡ್ರು. ದಾಳಿ ಮಾಡಿದ್ದು ಮಾಯಾ ಅಂತ ಹೆಣ್ಣು ಹುಲಿ, ಆಗ ತುಂಬಾ ಫೇಮಸ್ಸಾಗಿತ್ತು. ನಾವು ಮಾಯಾ ಮಾಯಾ ಅಂತ ಹೆಸರು ಹಿಡಿದು ಕರೀತಿದ್ವಿ, ನಮ್ಮ ಪಕ್ಕದ್ಮನೆ ಹುಡುಗಿ ಥರ. ಹಳ್ಳಿಯವರು ಹೆಸರಿಂದ ಕರೆಯೋದನ್ನ ನಾನು ಕೇಳಿಲ್ಲ, ‘ವಾಘ್’ ಅಂತಾರೆ ಅಷ್ಟೇ, ಅದೂ ದನಿ ತಗ್ಗಿಸಿ.

ಇನ್ನೊಂದು ಹೇಳಿ ಮುಗಿಸ್ತೀನಿ, ವಡೆ ವಾಸನೆ ಬರ್ತಾ ಇದೆ. 2024ರ ಫೆಬ್ರವರಿಯಲ್ಲಿ ತಾಡೋಬಾ ಬಫರ್‌ನಲ್ಲಿ ಒಂದು ಹುಲಿ ಪ್ಲಾಸ್ಟಿಕ್ ನೀರಿನ ಬಾಟ್ಲಿ ಬಾಯಲ್ಲಿ ಕಚ್ಕೊಂಡು ಹೋಗೋ ವಿಡಿಯೋ ಬಂದಿತ್ತು, ನೀವೂ ಫಾರ್ವರ್ಡ್ ಮಾಡಿರ್ತೀರಿ. ಹೋಗೋರು ಸ್ಟೀಲ್ ಬಾಟ್ಲಿ ಒಯ್ಯಿರಿ, ಕುರುಕಲು ಪ್ಯಾಕೆಟ್ ರೂಮಲ್ಲೇ ಬಿಡಿ. ಬೇಸಿಗೆಯಾದ್ರೆ ಒದ್ದೆ ಟವೆಲ್ಲು. ಜುಲೈಯಿಂದ ಸೆಪ್ಟೆಂಬರ್ ಕೋರ್ ಬಂದ್, ಬಫರ್ ಮಾತ್ರ. ಮಂಗಳವಾರ, ಗೊತ್ತಲ್ಲ.

ಪ್ರಶ್ನೆಗಳು ಬಂದ್ವು. ಮಕ್ಕಳನ್ನ ಕರ್ಕೊಂಡು ಹೋಗಬಹುದಾ ಅಂತ ಒಬ್ಬರು, ನಾಲ್ಕು ಗಂಟೆ ಸುಮ್ಮನೆ ಕೂರೋ ಮಗುವಾದ್ರೆ ಹೋಗಬಹುದು ಅಂದೆ, ಅಂಥ ಮಗು ನಮ್ಮ ಬಿಲ್ಡಿಂಗಲ್ಲಿ ಇಲ್ಲ ಅಂದ್ರು. ಬೋರಿವಲಿ ನ್ಯಾಷನಲ್ ಪಾರ್ಕಲ್ಲೇ ಟೈಗರ್ ಸಫಾರಿ ಇದೆಯಲ್ಲ, ಅಷ್ಟು ದೂರ ಯಾಕೆ ಅಂದ್ರು ಇನ್ನೊಬ್ಬರು. ಅದು ಬೇಲಿ ಒಳಗಿನ ಹುಲಿ, ಬಸ್ಸಲ್ಲಿ ಹೋಗಿ ನೋಡಿ ಬರೋದು. ಹುಲಿ ನೋಡಲೇಬೇಕು ಅನ್ನೋರಿಗೆ ನಾನು ಈಗ ಅದನ್ನೇ ಹೇಳ್ತೀನಿ, ತಮಾಷೆಗಲ್ಲ.

ಕೊನೆಗೆ ಹಿಂದಿನ ಸಾಲಿಂದ ನಮ್ಮ ಶೆಟ್ಟರು ಎದ್ದು ನಿಂತ್ರು. ಹೋಟೆಲ್ ನಡೆಸಿದ ಮನುಷ್ಯ, ಲೆಕ್ಕ ಬಿಡಲ್ಲ. ‘ಅಕ್ಕಾ, ಆ ಕವರಲ್ಲಿ ಎಷ್ಟು ಇಟ್ಟಿದ್ರಿ?’ ಅಂದ್ರು.

ಐನೂರೊಂದು ಅಂದೆ.

‘ನಿದ್ದೆ ಹೊಡೆದವನಿಗೂ?’

ಅವನಿಗೂ.